ಬಾಗಿಲಿಂದ ದೂರದ ಸೀಟು

ಓಯ್ದಿನ್ ಓಪಾ, ಅಂದರೆ ಓಯ್ದಿನ್ ಅಕ್ಕ, ಇವತ್ತಿನವರೆಗೆ ವಿಮಾನದೊಳಗೆ ಕಾಲಿಟ್ಟವಳಲ್ಲ. ಆದರೆ ಈ ಹದಿನಾಲ್ಕು ವರ್ಷಗಳಲ್ಲಿ ನಮ್ಮ ನಮಂಗಾನ್ ಊರಿನಿಂದ ಮೆಕ್ಕಾಕ್ಕೆ ಹೋಗಿಬಂದ ಯಾವ ಮುದುಕ ಮುದುಕಿಯ ಹೆಸರನ್ನಾದರೂ ಹೇಳಿ, ಅವರು ಯಾವ ಸಾಲಿನ ಯಾವ ಸೀಟಿನಲ್ಲಿ ಕೂತಿದ್ದರು ಅಂತ ಅಕ್ಕಿ ಆರಿಸುತ್ತಲೇ ಹೇಳಿಬಿಡುತ್ತಾಳೆ. "ಹತ್ತೊಂಬತ್ತನೇ ಸಾಲು, ಕಿಟಕಿ ಪಕ್ಕ. ಅವ್ರಿಗೆ ಕಿಟಕಿ ಕಂಡ್ರೆ ಭಯ. ಆದ್ರೆ ಪಕ್ಕದಲ್ಲಿ ಬೀಗಿತ್ತಿ ಕೂತಿದ್ಲು ನೋಡಿ, ಅವಳೆದುರು ಹೆದರ್ಕೊಳ್ಳೋ ಹಾಗಿರ್ಲಿಲ್ಲ" ಅಂತ ಒಳಗಿನ ಕಥೆಯನ್ನೂ ಸೇರಿಸುತ್ತಾಳೆ.

ಅವಳ ಕೆಲಸವನ್ನು ಊರವರು "ಟಿಕೆಟ್ ಬರೆಯೋದು" ಅನ್ನುತ್ತಾರೆ. ಕೇಳಿದಾಗಲೆಲ್ಲ ನನಗೆ ಮೈ ಉರಿಯುತ್ತದೆ. ಒಬ್ಬರಿಗೆ ಟಿಕೆಟ್ ಬರೆಯುವುದು ಯಾರಿಗೆ ಬರುವುದಿಲ್ಲ? ನೂರ ನಲವತ್ತು ಜನರನ್ನು ಒಂದೇ ವಿಮಾನಕ್ಕೆ ಹತ್ತಿಸುವುದು ಬೇರೆಯೇ ಮಾತು. ದ್ರಾಕ್ಷಿ ಕೊಯ್ಲಿನ ಹೊತ್ತಿಗೇ ತಾಷ್ಕೆಂಟಿನ ವಿಮಾನ ಕಂಪನಿಯವರ ಹತ್ತಿರ ಮುಂದಿನ ವಸಂತದ ಸೀಟುಗಳನ್ನು ಸಗಟಾಗಿ ಹಿಡಿದಿಡಬೇಕು. ಆಗ ಆ ಸೀಟುಗಳಿಗೆ ಹೆಸರಿರುವುದಿಲ್ಲ, ಬರೀ ಸಂಖ್ಯೆ. ಆಮೇಲೆ ಒಂದೊಂದು ಸೀಟಿಗೂ ಒಬ್ಬೊಬ್ಬ ಮನುಷ್ಯನನ್ನು ಹೊಂದಿಸಿ, ಪಾಸ್‌ಪೋರ್ಟ್ ತರಿಸಿ, ಅದರ ಅವಧಿ ನೋಡಿ, ಗೊತ್ತಾದ ದಿನದೊಳಗೆ ಹೆಸರಿನ ಪಟ್ಟಿ ಕಳಿಸಬೇಕು. ಒಂದು ದಿನ ತಡವಾದರೆ ಸೀಟು ಬೇರೆಯವರ ಪಾಲು. ಟಿಕೆಟ್ ಆದಮೇಲೆ ಹೆಸರು ಬದಲಾಯಿಸಲು ಯಾರಪ್ಪ ಬಂದರೂ ಆಗದು. ಇಷ್ಟರ ನಡುವೆ ಒಬ್ಬ ತಾತ ಹಲ್ಲು ಕಟ್ಟಿಸಲು ಹೋಗಿ ಪಾಸ್‌ಪೋರ್ಟನ್ನು ಡಾಕ್ಟರ ಮೇಜಿನ ಮೇಲೆ ಬಿಟ್ಟು ಬರುತ್ತಾನೆ. ಒಬ್ಬ ಅಜ್ಜಿ, ಮೊಮ್ಮಗಳ ಹೆರಿಗೆ ಆಗುವವರೆಗೆ ವಿಮಾನ ನಿಲ್ಲಿಸು ಅಂತ ಹಟ ಹಿಡಿಯುತ್ತಾಳೆ. ಓಪಾ ಎಲ್ಲರಿಗೂ "ಆಯ್ತು, ನೋಡೋಣ" ಅನ್ನುತ್ತಾಳೆ. ಹಾಗಂದು ಮರೆಯುವವಳಲ್ಲ, ನಿಜವಾಗಿಯೂ ನೋಡುತ್ತಾಳೆ.

ಇದನ್ನೆಲ್ಲ ಅವಳು ಯಾವ ಕಾಲೇಜಿನಲ್ಲೂ ಕಲಿಯಲಿಲ್ಲ. ಮೊದಲು ಬಸ್ ನಿಲ್ದಾಣದ ಕಿಟಕಿಯಲ್ಲಿ ಕೂತು ಟಿಕೆಟ್ ಹರಿದುಕೊಡುತ್ತಿದ್ದಳು. ಅವಳ ತಾಯಿ ಮಾತ್ರ ಇಡೀ ಊರಿಗೆ ಹೆಸರಾದ ಹೆಂಗಸು. ಮದುವೆಯಾಗಲಿ, ತೊಟ್ಟಿಲಾಗಲಿ, ಸಾವಿನ ಊಟವಾಗಲಿ, ಇನ್ನೂರು ಜನ ಸೇರುವಲ್ಲಿ ನೆಲದ ಮೇಲೆ ದಸ್ತರಖಾನ, ಅಂದರೆ ಊಟದ ಬಟ್ಟೆ, ಹಾಸಿ ಯಾರನ್ನು ಎಲ್ಲಿ ಕೂರಿಸಬೇಕು ಅಂತ ಹೇಳಲು ಅವಳೇ ಬರಬೇಕಿತ್ತು. ನಮ್ಮಲ್ಲಿ ಅದೇನು ಹುಡುಗಾಟದ ಕೆಲಸವೇ? ಬಾಗಿಲಿಗೆ ಎದುರು, ದೂರದ ಗೋಡೆಯ ಪಕ್ಕದ ಜಾಗಕ್ಕೆ ತೋರ್ ಅನ್ನುತ್ತೇವೆ. ಅದು ಹಿರಿಯರ ಜಾಗ. ಅಲ್ಲಿಂದ ಬಾಗಿಲ ಕಡೆ ಬರುತ್ತ ಬರುತ್ತ ವಯಸ್ಸೂ ಇಳಿಯುತ್ತದೆ, ಮರ್ಯಾದೆಯೂ ಇಳಿಯುತ್ತದೆ. ಹೊಸಿಲ ಹತ್ತಿರ ಕೂರುವವಳು ಚಹಾ ಬಗ್ಗಿಸುವ ಸೊಸೆ. ಒಬ್ಬರನ್ನು ಒಂದು ಗೇಣು ಕೆಳಗೆ ಕೂರಿಸಿದರೂ ಎರಡು ಮನೆಗಳ ನಡುವೆ ಹತ್ತು ವರ್ಷ ಮಾತಿರುವುದಿಲ್ಲ. ತಾಯಿಯ ಸೆರಗು ಹಿಡಿದು ಓಡಾಡುತ್ತಲೇ ಓಯ್ದಿನ್ ಆ ವಿದ್ಯೆ ಕಲಿತಳು.

ಝೋಕಿರ್‌ಜಾನ್ ಯಾತ್ರೆಯ ಆಫೀಸು ತೆರೆದು ಅವಳನ್ನು ಕೆಲಸಕ್ಕೆ ಕರೆದ ಮೊದಲ ವರ್ಷ, ವಿಮಾನ ಕಂಪನಿಯವರು ಮರ್ಯಾದೆ ಮಾಡುತ್ತೇವೆ ಅಂದುಕೊಂಡು ಹಿರಿಯರನ್ನೆಲ್ಲ, ಯಾರನ್ನೂ ಏಳಗೊಡದೆ, ಮೊದಲ ಸಾಲುಗಳಲ್ಲಿ ಕೂರಿಸಿದರು. ಅಂದರೆ ಸರಿಯಾಗಿ ಬಾಗಿಲ ಬಾಯಲ್ಲಿ. ಹೋಗಿಬಂದ ತಾತಂದಿರು ಖರ್ಜೂರ ಕೊಡಲು ಬಂದಾಗ ಒಬ್ಬೊಬ್ಬರ ಮುಖವೂ ಊದಿಕೊಂಡಿತ್ತು. "ಎಪ್ಪತ್ತೆಂಟು ವರ್ಷ ಆಯ್ತು ನಂಗೆ. ಚಪ್ಪಲಿ ಬಿಡೋ ಜಾಗದಲ್ಲಿ ಕೂರ್ಸಿದ್ಯಲ್ಲಮ್ಮ" ಅಂದ ಒಬ್ಬ. ಓಪಾಗೆ ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ. ಅವತ್ತಿನಿಂದ ಸೀಟು ಹಂಚುವ ಕೆಲಸವನ್ನು ಅವಳು ಯಾರ ಕೈಗೂ ಬಿಡಲಿಲ್ಲ. ವಿಮಾನಕ್ಕೆ ಮುಂದಿನಿಂದ ಮಾತ್ರ ಮೆಟ್ಟಿಲು ಹಾಕುತ್ತಾರೆ ಅಂದರೆ ಹಿರಿಯರು ಕಟ್ಟಕಡೆಯ ಸಾಲುಗಳಲ್ಲಿ. ಮುಂದೆ ಹಿಂದೆ ಎರಡೂ ಕಡೆ ಮೆಟ್ಟಿಲು ಹಾಕಿದರೆ ಎರಡು ಬಾಗಿಲಿಗೂ ದೂರವಾದದ್ದು ನಟ್ಟನಡುವೆ, ರೆಕ್ಕೆಯ ಮೇಲೆ. ಆಗ ತೋರ್ ಅಲ್ಲಿ. ಕಂಪ್ಯೂಟರಿಗೆ ಇದೆಲ್ಲ ಎಲ್ಲಿ ತಿಳಿಯಬೇಕು, ಅದಕ್ಕೇನು ಅಜ್ಜಿ ಇದ್ದಳೇ ಹೇಳಿಕೊಡಲು?

ಪ್ರತಿ ಗುಂಪಿನ ಮುಂಚೆ ಓಪಾ ಮನೆಯಲ್ಲಿ ದಸ್ತರಖಾನ ಹಾಸಿ ಅದರ ಮೇಲೆ ವಿಮಾನ ಜೋಡಿಸುತ್ತಾಳೆ. ಗಂಡಸರಿಗೆ ಆಕ್ರೋಟು, ಹೆಂಗಸರಿಗೆ ಜರದಾಳು ಬೀಜ. ಸಾಲಿಗೆ ಆರು, ನಡುವೆ ಓಡಾಡುವ ದಾರಿ. ಗಂಡ ಹೆಂಡತಿ ಒಟ್ಟಿಗೆ, ಜಗಳವಾಡಿದ ಓರಗಿತ್ತಿಯರು ದೂರ ದೂರ, ಗೊರಕೆ ಹೊಡೆಯುವವರ ಪಕ್ಕ ಕಿವಿ ಕೇಳದವರು. ಒಮ್ಮೆ ಅವಳ ಗಂಡ ಅತ್ತ ಹಾದುಹೋಗುವಾಗ ಒಂದು ಆಕ್ರೋಟು ಒಡೆದು ಬಾಯಿಗೆ ಹಾಕಿಕೊಂಡ. "ಮೂರನೇ ಬೀದಿ ಕಟುಕನ್ನ ತಿಂದ್ಬಿಟ್ರಲ್ಲ" ಅಂದಳು ಓಪಾ. ಅವನು, "ಅದಕ್ಕೇ ಇಷ್ಟು ಕಹಿ" ಅಂತ ಹೇಳಿ ಹೊರಗೆ ಹೋದ.

ಈಗ ಹೇಳಬೇಕಾದದ್ದು ಈ ವಸಂತದ ಮಾತು. ಅದಕ್ಕೆ ಮುಂಚೆ ಚಳಿಗಾಲದಲ್ಲಿ ಒಂದು ಎಡವಟ್ಟಾಗಿತ್ತು. ಓಪಾ ತಂಗಿಯ ಮಗಳ ಮದುವೆಗೆ ಅಂತ ನಾಲ್ಕು ದಿನ ಊರಲ್ಲಿರಲಿಲ್ಲ. "ಈ ಒಂದ್ಸಲ ಕಂಪ್ಯೂಟರೇ ಕೊಡ್ಲಿ ಬಿಡಿ ಸೀಟು" ಅಂದ ಝೋಕಿರ್‌ಜಾನ್. ಕಂಪ್ಯೂಟರು ಹುಡುಗರನ್ನು ಹಿಂದೆ, ತಾತಂದಿರನ್ನು ಬಾಗಿಲ ಬುಡದಲ್ಲಿ ಕೂರಿಸಿತು. ನಮ್ಮವರು ಕೂರುತ್ತಾರೆಯೇ? ಕಿರಿಯರು ಎದ್ದು "ನೀವು ಮೇಲೆ ಬನ್ನಿ" ಅನ್ನುವುದು, ಹಿರಿಯರು "ಬೇಡಪ್ಪ, ನೀನೇ ಕೂತ್ಕೋ" ಅನ್ನುವುದು, ಅವರು ಮತ್ತೆ ಕೈ ಎದೆಗಿಟ್ಟು ಬಾಗುವುದು. ಹೀಗೆ ಮೂವತ್ತೈದು ನಿಮಿಷ ಇಡೀ ವಿಮಾನ ನಿಂತೇ ಇತ್ತು. ಹಾರುವ ಸರದಿ ತಪ್ಪಿಹೋಯಿತು. ಕಂಪನಿಯಿಂದ ಖಾರವಾದ ಕಾಗದ ಬಂತು: ಈ ಗುಂಪಿನವರಿಂದ ಇನ್ನೊಂದು ಸಲ ವಿಮಾನ ತಡವಾದರೆ, ವಸಂತಕ್ಕೆ ಹಿಡಿದಿಟ್ಟ ಉಳಿದ ಗುಂಪುಗಳ ಸೀಟುಗಳೆಲ್ಲ ರದ್ದು.

ವಸಂತಕ್ಕೆ ಇದ್ದದ್ದು ನಾಲ್ಕು ಗುಂಪು. ಮೊದಲನೆಯದು ಎಡವಿದರೆ ಹಿಂದೆ ಬರುವ ಮೂರಕ್ಕೂ ಕಲ್ಲು ಬೀಳುತ್ತದೆ, ನಾನೂರ ಇಪ್ಪತ್ತು ಜನ. ಅವರಲ್ಲಿ ಎಷ್ಟೋ ಮಂದಿ ಆಗಲೇ ಬೀದಿಗೆಲ್ಲ ಪಲಾವ್ ಹಾಕಿಸಿ, ಮನೆಮನೆಗೆ ಹೋಗಿ "ತಪ್ಪಿದ್ರೆ ಮನ್ನಿಸಿಬಿಡಿ" ಅಂತ ಎದೆಗೆ ಕೈಯಿಟ್ಟು ಕೇಳಿ ಬಂದವರು. ಹಾಗೆ ಎಲ್ಲರಿಂದ ಬೀಳ್ಕೊಂಡ ಮುದುಕ ಮರುದಿನ ಬೆಳಿಗ್ಗೆ ರೊಟ್ಟಿ ಅಂಗಡಿಯ ಸಾಲಿನಲ್ಲಿ ಹೇಗೆ ನಿಂತಾನು? ಅದನ್ನು ನೆನೆದೇ ಓಪಾಗೆ ಅನ್ನ ಇಳಿಯುತ್ತಿರಲಿಲ್ಲ.

ಮೊದಲ ಗುಂಪು ಹೊರಡುವ ದಿನ. ವಿಮಾನ ಹನ್ನೊಂದು ನಲವತ್ತಕ್ಕೆ. ಬೆಳಿಗ್ಗೆ ಏಳೂವರೆಗೆ ತಾಷ್ಕೆಂಟಿನಿಂದ ವೇರಾ ಫೋನ್ ಮಾಡಿದಳು. ವೇರಾ ಕಂಪನಿಯಲ್ಲಿ ಗುಂಪುಗಳ ಸೀಟು ನೋಡಿಕೊಳ್ಳುವವಳು, ಕೊರಿಯಾ ಮೂಲದ ಮನೆತನದವಳು. ಹದಿನಾಲ್ಕು ವರ್ಷ ಇಬ್ಬರೂ ದಿನ ಬಿಟ್ಟು ದಿನ ಮಾತಾಡಿದ್ದಾರೆ, ಮುಖ ನೋಡಿಲ್ಲ.

"ಓಯ್ದಿನ್ ಓಪಾ, ಬೈಬೇಡಿ. ವಿಮಾನ ಬದಲಾಗಿದೆ. ಚಿಕ್ಕದು, ನಿಮ್ಮ ಗುಂಪಿಗೆ ಅಷ್ಟೇ ಸಾಕಾಗುತ್ತೆ. ಮೆಟ್ಟಿಲು ಮುಂದೆ ಮಾತ್ರ. ಕಂಪ್ಯೂಟರೇ ಎಲ್ರಿಗೂ ಹೊಸ ಸೀಟು ಕೊಟ್ಟಾಯ್ತು."

ಎರಡು ಮೆಟ್ಟಿಲ ವಿಮಾನ ಅಂತ ಅವಳು ಹಿರಿಯರನ್ನು ನಡುವೆ ಕೂರಿಸಿದ್ದಳು. ಈಗ ತೋರ್ ಹಿಂದಕ್ಕೆ ಹೋಯಿತು. "ಎಷ್ಟು ಹೊತ್ತಿದೆ ವೇರಾ? ನಾನು ಹೊಸ ಪಟ್ಟಿ ಕೊಡ್ತೀನಿ."

"ಒಂಬತ್ತರ ಮೇಲೆ ನನ್ನ ಕೈಲಿಲ್ಲ. ಆದ್ರೆ ಯಾಕೆ ಈ ಹಟ ನಿಮಗೆ? ಹದಿನಾಲ್ಕು ವರ್ಷದಿಂದ ನೀವು ಹೇಳಿದ ಹಾಗೇ ಹಾಕ್ತಾ ಬಂದಿದೀನಿ, ಒಂದು ದಿನ ಕಾರಣ ಹೇಳಿಲ್ಲ. ಮುದುಕರನ್ನ ಹಿಂದೆ ತಳ್ತೀರಾ, ಕುಲುಕಾಟ ಜಾಸ್ತಿ ಅಲ್ಲಿ. ಮುಂದೆ ಕೂತ್ರೂ ಮೆಕ್ಕಾ, ಹಿಂದೆ ಕೂತ್ರೂ ಮೆಕ್ಕಾ."

ಓಪಾ ಕಾರಣ ಹೇಳುವ ಬದಲು ಕೇಳಿದಳು: "ವೇರಾ, ನಿಮ್ಮನೇಲಿ ಊಟಕ್ಕೆ ಕೂತಾಗ ಅಮ್ಮ ಎಲ್ಲಿ ಕೂರ್ತಾರೆ?"

"ಒಳಗೆ, ಬೆಚ್ಚಗಿನ ಗೋಡೆ ಹತ್ರ. ಬಾಗಿಲಿಂದ ದೂರ. ಯಾಕೆ?"

"ಅವರನ್ನ ಬಾಗಿಲ ಹತ್ರ ಕೂರ್ಸಿ ನೀವು ಒಳಗೆ ಕೂತಿದೀರಾ ಯಾವತ್ತಾದ್ರೂ?"

"ಕೂತ್ರೆ ಚಮಚ ತಗೊಂಡು ತಲೆಗೆ ಹೊಡೀತಾಳೆ."

"ನಂಗೆ ಅಂಥ ಅಮ್ಮಂದಿರು ಎಪ್ಪತ್ತು ಜನ ಇದ್ದಾರೆ."

ಆ ಕಡೆಯಿಂದ ವೇರಾ ಮೆಲ್ಲಗೆ, "ಇಷ್ಟೇನಾ? ಇದನ್ನ ಮೊದಲೇ ಹೇಳ್ಬಾರ್ದಿತ್ತಾ ಮಹಾತಾಯಿ. ಕಳ್ಸಿ ಪಟ್ಟಿ" ಅಂದಳು.

ದಸ್ತರಖಾನ ಹಾಸಿದ್ದಾಯಿತು. ಆಕ್ರೋಟು, ಜರದಾಳು ಬೀಜ ಮತ್ತೆ ಸಾಲಾದವು. ನಡುವಿನವರು ಹಿಂದಕ್ಕೆ, ಹಿಂದಿನವರು ಮುಂದಕ್ಕೆ. ಗುಂಪಿನಲ್ಲಿ ಎಲ್ಲರಿಗಿಂತ ಹಿರಿಯಳು ರಿಸೋಲತ್ ಬುವಿ. ಬುವಿ ಅಂದರೆ ಅಜ್ಜಿ; ಇವಳಿಗೆ ಎಂಬತ್ತಾರು ವರ್ಷ. ಅವಳ ಬೀಜವನ್ನು ಓಪಾ ಹನ್ನೆರಡನೇ ಸಾಲಿನಿಂದ ಎತ್ತಿ ಕಟ್ಟಕಡೆಯ ಇಪ್ಪತ್ತನಾಲ್ಕನೇ ಸಾಲಿನ ತುದಿಗಿಟ್ಟಳು. ಒಂಬತ್ತಕ್ಕೆ ಏಳು ನಿಮಿಷ ಇರುವಾಗ ಕೊನೆಯ ಹೆಸರು ವೇರಾಳ ಕೈ ಸೇರಿತು. ಓಪಾ ಆ ಆತುರದಲ್ಲಿ ಮುಖ ಕೂಡ ತೊಳೆಯದೆ ವಿಮಾನ ನಿಲ್ದಾಣಕ್ಕೆ ಓಡಿದಳು.

ಅಲ್ಲಿ ನೂರ ನಲವತ್ತು ಜನರನ್ನು ಕಳಿಸಲು ಸಾವಿರ ಜನ ಸೇರಿದ್ದರು. ಅಳುವವರು, ನಗುವವರು, ಬಿಸಿ ರೊಟ್ಟಿಯನ್ನು ಬಟ್ಟೆಯಲ್ಲಿ ಸುತ್ತಿ ತುರುಕುವವರು. ಯಾತ್ರಿಕರೆಲ್ಲ ಒಳಗೆ ಹೋದಮೇಲೆ ಓಪಾ ಕಬ್ಬಿಣದ ಬೇಲಿ ಹಿಡಿದು ನಿಂತಳು. ದೂರದಲ್ಲಿ ವಿಮಾನ ಕಾಣುತ್ತಿತ್ತು. ಜನ ಹತ್ತಿದರು. ಮೆಟ್ಟಿಲು ಖಾಲಿಯಾಯಿತು. ಹನ್ನೊಂದೂ ಕಾಲು ಆಯಿತು, ಬಾಗಿಲು ಮುಚ್ಚಲಿಲ್ಲ. ಹನ್ನೊಂದು ಇಪ್ಪತ್ತಾಯಿತು. ಅವಳ ಫೋನ್ ಬಡಿದುಕೊಂಡಿತು. ಗುಂಪನ್ನು ಕರೆದೊಯ್ಯುತ್ತಿದ್ದ ಮುಂದಾಳು ಹಿಕ್ಮತ್.

"ಓಪಾ, ಯಾರೂ ಕೂರ್ತಿಲ್ಲ. ಎಲ್ರೂ ಅವರವರ ಸೀಟಿನ ಮುಂದೆ ಕಂಬದ ಹಾಗೆ ನಿಂತಿದ್ದಾರೆ."

"ಯಾಕಪ್ಪ? ಸೀಟು ತಪ್ಪಾಗಿದ್ಯಾ?"

"ಸೀಟೆಲ್ಲ ಸರಿಗಿದೆ. ರಿಸೋಲತ್ ಬುವೀನ ಗಾಲಿ ಕುರ್ಚೀಲಿ ಬಾಗಿಲವರೆಗೆ ತಂದ್ರು. ಆ ಕುರ್ಚಿ ಒಳಗೆ ಹೋಗಲ್ವಂತೆ, ದಾರಿ ಕಿರಿದು. ಬುವಿ ನಾಕು ಹೆಜ್ಜೆ ಇಟ್ರು, ಮಂಡಿ ಹಿಡೀತು. 'ನನ್ನ ನಡಿಗೆ ಇಷ್ಟೇ ಕಣಪ್ಪ' ಅಂತ ಮೊದಲನೇ ಸಾಲಲ್ಲೇ ಕೂತ್ಬಿಟ್ರು. ಎತ್ಕೊಂಡು ಹೋಗ್ತೀವಿ ಅಂದ್ರೆ ಮೈ ಮುಟ್ಟಬೇಡಿ ಅಂತಾರೆ. ಈಗ ಬುವಿ ಬಾಗಿಲಲ್ಲಿ ಕೂತಿರೋವಾಗ ನಾವು ಮೇಲೆ ಹೇಗೆ ಕೂರೋದು ಅಂತ ಎಲ್ರೂ ನಿಂತಿದ್ದಾರೆ. ಪೈಲಟ್ ಬೇರೆ ಎದ್ದು ಬಂದಿದ್ದಾರೆ. ಐದು ನಿಮಿಷ ಕೊಟ್ಟಿದ್ದಾರೆ ಅಷ್ಟೇ."

ಓಪಾ ತಲೆಯ ಮೇಲೆ ಕೈ ಹೊತ್ತಳು. ಯಾರನ್ನು ಬೈಯುವುದು? ಹನ್ನೆರಡನೇ ಸಾಲಿನವರೆಗೆ ಅಜ್ಜಿ ಸೀಟು ಹಿಡಿದುಕೊಂಡು ನಡೆದಾಳು ಅಂತ ಮೊದಲು ಲೆಕ್ಕ ಹಾಕಿದವಳು ಅವಳೇ. ಬೆಳಗಿನ ಗಡಿಬಿಡಿಯಲ್ಲಿ ಇಪ್ಪತ್ತನಾಲ್ಕಕ್ಕೆ ಸಾಗಿಸಿದವಳೂ ಅವಳೇ. ಅಜ್ಜಿಯ ಮರ್ಯಾದೆ ನೆನಪಿತ್ತು, ಮಂಡಿ ಮರೆತುಹೋಯಿತು.

"ಕೂತ್ಕೊಳ್ಳಿ ಅಂತ ಹೇಳು" ಅಂದರೆ ಕೂರುವ ಜನವಲ್ಲ. ನಮ್ಮವರಿಗೆ ಹಾಗೆ ಹೇಳಿದಷ್ಟೂ ಹೆಚ್ಚು ಹೊತ್ತು ನಿಲ್ಲುತ್ತಾರೆ. ಕಣ್ಣ ಮುಂದೆ ಆ ನಾನೂರ ಇಪ್ಪತ್ತು ಜನ, ಅವರ ಬೀಳ್ಕೊಡುಗೆಯ ಪಲಾವ್, ಇನ್ನೆಂದೂ ಬರದ ಸರದಿ. ಆಗ ಅವಳಿಗೆ ತಾಯಿ ನೆನಪಾದಳು. ಯಾವುದೋ ಮದುವೆಯಲ್ಲಿ ಇಬ್ಬರು ಹಿರಿಯರು ನೀ ಮೇಲೆ ಕೂರು, ನೀ ಮೇಲೆ ಕೂರು ಅಂತ ಪಟ್ಟು ಬಿಡದೆ ನಿಂತು, ಪಲಾವ್ ಆರುತ್ತಿದ್ದಾಗ, ತಾಯಿ ಎಲ್ಲರಿಗಿಂತ ಹಿರಿಯಳ ಕಿವಿಯಲ್ಲಿ ಏನೋ ಹೇಳಿದ್ದಳು. ಆ ಹಿರಿಯಳು ಅಂಗೈ ಬಿಡಿಸಿದ್ದಳು. ಆಗ ನಿಂತಿದ್ದವರೆಲ್ಲ ನಿಂತಲ್ಲೇ ಕುಸಿದು ಕೂತಿದ್ದರು. ಹಿರಿಯರು ದುವಾಕ್ಕೆ, ಅಂದರೆ ಪ್ರಾರ್ಥನೆಗೆ, ಕೈ ಬಿಡಿಸಿದಾಗ ನಿಂತಿರುವ ಮನುಷ್ಯ ನಮ್ಮ ಊರಲ್ಲಿ ಇನ್ನೂ ಹುಟ್ಟಿಲ್ಲ. ಕೂತು, ಕೈ ಬಿಡಿಸಿ, ಕೊನೆಗೆ "ಓಮಿನ್" ಅಂದಮೇಲೆ ಕೂತ ಜಾಗವೇ ಜಾಗ. ಮತ್ತೆ ಅದರ ಚರ್ಚೆಯಿಲ್ಲ.

"ಹಿಕ್ಮತ್, ಬುವಿ ಕಿವಿಗೆ ಫೋನ್ ಹಿಡಿ."

"ಯಾರು, ಓಯ್ದಿನಾ?" ಅಂದಳು ಅಜ್ಜಿ. "ನನ್ನಿಂದ ಎಲ್ರಿಗೂ ತೊಂದ್ರೆ ಆಯ್ತಲ್ಲೇ. ಇಳಿಸಿಬಿಡ್ಲಿ ನನ್ನ. ನಾನು ಮನೆಗೆ ಹೋಗ್ತೀನಿ."

"ಇಳೀಬೇಡಿ ಬುವಿ. ತಪ್ಪು ನಂದು, ನಿಮ್ಮ ಮಂಡೀನ ನಾನು ಮರೆತೆ. ಈಗ ಒಂದು ಕೆಲಸ ಮಾಡಿ. ಪ್ರಯಾಣಕ್ಕೆ ದುವಾ ಮಾಡಿ. ಕೈ ಬಿಡಿಸಿ, ದೊಡ್ಡದಾಗಿ ಹೇಳಿ, ಹಿಂದಿನವರಿಗೂ ಕೇಳಿಸ್ಲಿ."

ಅಜ್ಜಿಗೆ ಅರ್ಥವಾಯಿತು. ಎಂಬತ್ತಾರು ವರ್ಷ ದಸ್ತರಖಾನದ ಸುತ್ತ ಬದುಕಿದವಳಿಗೆ ಬಿಡಿಸಿ ಹೇಳಬೇಕೇ? ಫೋನಿನಲ್ಲಿ ಓಪಾಗೆ ಮೊದಲು ಅವಳು ಗಂಟಲು ಸರಿಮಾಡಿಕೊಂಡದ್ದು ಕೇಳಿಸಿತು. ಆಮೇಲೆ, "ಮಕ್ಕಳೇ, ಕೈ ಬಿಡಿಸಿ" ಅನ್ನುವ ಮಾತು. ಅದರ ಹಿಂದೆಯೇ ದಬದಬನೆ ಸೀಟುಗಳು ಅದುರುವ ಸದ್ದು, ಮುಂದಿನಿಂದ ಹಿಂದಿನವರೆಗೆ, ಜೋಳದ ಮೂಟೆ ಸುರಿದ ಹಾಗೆ. ಹಿಕ್ಮತ್ ಆಮೇಲೆ ಹೇಳಿದ: ಅಜ್ಜಿಯನ್ನು ಒಪ್ಪಿಸಲು ಮುಂದಕ್ಕೆ ಬಂದಿದ್ದ ಮೂರನೇ ಬೀದಿಯ ಕಟುಕ ಇಬ್ಬರು ಅಪರಿಚಿತ ಹೆಂಗಸರ ನಡುವೆ ಸಿಕ್ಕಿಬಿದ್ದು, ವಿಮಾನ ಮದೀನಾದಲ್ಲಿ ಇಳಿಯುವವರೆಗೆ ಮೊಣಕೈ ಅಲ್ಲಾಡಿಸಲಿಲ್ಲ. ಏನೂ ತಿಳಿಯದ ಪೈಲಟ್ ಕೂಡ ಪಕ್ಕದ ಖಾಲಿ ಸೀಟಿನ ತುದಿಯಲ್ಲಿ ಕೂತುಬಿಟ್ಟಿದ್ದ.

ಬೇಲಿಯ ಹತ್ತಿರ ಓಪಾ ಫೋನನ್ನು ಭುಜಕ್ಕೂ ಕೆನ್ನೆಗೂ ನಡುವೆ ಒತ್ತಿಕೊಂಡು ಎರಡೂ ಅಂಗೈ ಬಿಡಿಸಿದಳು. ಅವಳನ್ನು ನೋಡಿ ಪಕ್ಕದವರು ಬಿಡಿಸಿದರು, ಅವರನ್ನು ನೋಡಿ ಇನ್ನೊಬ್ಬರು. "ಓಮಿನ್" ಅಂತ ಮುಖ ಸವರಿಕೊಂಡಾಗ ವಿಮಾನದ ಬಾಗಿಲು ಮುಚ್ಚಿತ್ತು.

ಅದು ಊರ ಮೇಲೆ ಸುತ್ತಿ ದಕ್ಷಿಣಕ್ಕೆ ತಿರುಗಿದ ಮೇಲೆ ವೇರಾ ಫೋನ್ ಮಾಡಿದಳು. "ಹನ್ನೊಂದು ನಲವತ್ತು. ಕರಾರುವಾಕ್ಕಾಗಿ. ಓಯ್ದಿನ್ ಓಪಾ, ಎರಡನೇ ಗುಂಪಿನ ಹೆಸರು ಶುಕ್ರವಾರದೊಳಗೆ ಕಳ್ಸಿ, ಮರೀಬೇಡಿ." ಇಷ್ಟು ಹೇಳಿ ಇಟ್ಟಳು. ಓಪಾ ಅಲ್ಲೇ ಕಲ್ಲಿನ ಅಂಚಿನ ಮೇಲೆ ಕೂತಳು.

ಅವತ್ತೇ ತನ್ನ ನೋಟ್‌ಬುಕ್ಕಿನಲ್ಲಿ ಹೆಸರು, ಪಾಸ್‌ಪೋರ್ಟ್, ಸಾಲು ಅಂತಿದ್ದ ಗೆರೆಗಳ ಪಕ್ಕ ಇನ್ನೊಂದು ಗೆರೆ ಎಳೆದು ತಲೆಯ ಮೇಲೆ "ಮಂಡಿ" ಅಂತ ಬರೆದಳು. ವಿಮಾನದ ಒಳಗೆ ಹೋಗುವ ಕಿರಿದಾದ ಗಾಲಿ ಕುರ್ಚಿಯೂ ಇರುತ್ತದೆ, ಮುಂಚೆ ಕೇಳಿದರೆ ಕೊಡುತ್ತಾರೆ ಅಂತ ವೇರಾ ಹೇಳಿದಳು. ಉಳಿದ ಮೂರು ಗುಂಪುಗಳೂ ಒಂದು ನಿಮಿಷ ತಡವಿಲ್ಲದೆ ಹಾರಿದವು. ಬೀದಿಯವರಿಂದ ಮನ್ನಿಸಿ ಅಂತ ಬೀಳ್ಕೊಂಡ ಒಬ್ಬ ಮುದುಕನೂ ಊರಲ್ಲಿ ಉಳಿಯಲಿಲ್ಲ.

ಎರಡು ವಾರದ ಮೇಲೆ ರಿಸೋಲತ್ ಬುವಿ ಸೊಸೆಯ ತೋಳು ಹಿಡಿದು ಓಪಾಳ ಮನೆಗೆ ಬಂದಳು. ಜೊತೆಗೆ ಹಿಕ್ಮತ್, ಝೋಕಿರ್‌ಜಾನ್, ಬೀದಿಯ ಆರೇಳು ಹೆಂಗಸರು. ಖರ್ಜೂರ, ಮೆಕ್ಕಾದ ಝಮ್‌ಝಮ್ ಬಾವಿಯ ನೀರಿನ ಬಾಟಲಿ ತಂದಿದ್ದರು. ಓಪಾ ದಸ್ತರಖಾನ ಹಾಸಿ, ದೂರದ ಗೋಡೆಯ ಪಕ್ಕ ಇರುವುದರಲ್ಲೇ ಮೆತ್ತನೆಯ ಹಾಸಿಗೆಯನ್ನು ಎರಡು ಮಡಿಕೆ ಮಾಡಿ ಹಾಕಿ, "ಬನ್ನಿ ಬುವಿ, ಮೇಲೆ ಬನ್ನಿ" ಅಂದಳು.

ಬುವಿ ಹೊಸಿಲು ದಾಟಿದವಳೇ ಬಾಗಿಲ ಪಕ್ಕದಲ್ಲಿ, ಓಪಾ ಚಹಾ ಕೆಟಲಿನ ಜೊತೆ ಕೂರುವ ಜಾಗದಲ್ಲೇ ಕೂತುಬಿಟ್ಟಳು. "ನನ್ನ ಮಂಡಿ ಇಲ್ಲಿವರೆಗೇ ಬರೋದು, ನಿಂಗೊತ್ತಲ್ಲ."

ಬಂದವರೆಲ್ಲ ನಿಂತೇ ಇದ್ದರು. "ಹಾಗಾದ್ರೆ ಅಲ್ಲಿ ಯಾರು ಕೂರ್ತಾರೆ?" ಅಂದ ಝೋಕಿರ್‌ಜಾನ್, ದೂರದ ಗೋಡೆ ತೋರಿಸಿ.

"ಇವಳು ಕೂರ್ತಾಳೆ."

"ನಾನಾ?" ಓಪಾ ಕೆಟಲು ಹಿಡಿದುಕೊಂಡೇ ನಕ್ಕಳು. "ಚೆನ್ನಾಗಿ ಹೇಳಿದ್ರಿ. ಚಹಾ ಯಾರು ಬಗ್ಗಿಸೋದು?"

"ನಾನು ಬಗ್ಗಿಸ್ತೀನಿ. ನನ್ನ ಕೈಗೇನು ಮಂಡಿ ಇದ್ಯಾ ನೋವು ಬರೋಕೆ?" ಅಜ್ಜಿ ನಗಲಿಲ್ಲ. "ಹದಿನಾಲ್ಕು ವರ್ಷ ಊರಿನವರನ್ನೆಲ್ಲ ಮೇಲೆ ಕೂರ್ಸಿ ಕೂರ್ಸಿ ಕಳಿಸ್ದೆ. ನಿನ್ನ ಯಾರಾದ್ರೂ ಮೇಲೆ ಕೂತ್ಕೋ ಅಂದ್ರಾ? ಬೇಲಿ ಹಿಡ್ಕೊಂಡು ನಿಂತಿದ್ದೆ, ಹಿಕ್ಮತ್ ಹೇಳ್ದ. ನಡಿ ಒಳಗೆ."

"ಬೇಡ ಬುವಿ, ನೀವೆಲ್ಲ ಇರೋವಾಗ ನಾನು ಅಲ್ಲಿ... ಛೆ, ಚೆನ್ನಾಗಿರಲ್ಲ."

ಓಪಾ ಅಲ್ಲಾಡಲಿಲ್ಲ. ಯಾರೂ ಅಲ್ಲಾಡಲಿಲ್ಲ. ಅಜ್ಜಿ ಎಲ್ಲರ ಮುಖವನ್ನೂ ಒಮ್ಮೆ ನೋಡಿದಳು. ಆಮೇಲೆ ಅವಸರವಿಲ್ಲದೆ ಮಡಿಲಿನಿಂದ ಎರಡೂ ಕೈ ಎತ್ತಿ ಅಂಗೈ ಬಿಡಿಸಿದಳು.

ಬಂದವರೆಲ್ಲ ನಿಂತಲ್ಲೇ ಕೂತರು. ಕೋಣೆಯಲ್ಲಿ ಖಾಲಿ ಉಳಿದದ್ದು ಒಂದೇ ಜಾಗ. ಓಯ್ದಿನ್ ಓಪಾ ಕೆಟಲನ್ನು ಅಜ್ಜಿಯ ಪಕ್ಕದಲ್ಲಿಟ್ಟು, ಬೇಗ ಬೇಗ ಹೆಜ್ಜೆ ಹಾಕಿ ಹೋಗಿ ದೂರದ ಗೋಡೆಯ ಪಕ್ಕ ಕೂತು ಕೈ ಬಿಡಿಸಿದಳು.